ಪಿಯುಸಿಯೋ, ಡಿಪ್ಲೊಮಾನೋ: ಮೂರು ಅಂಕ ಕಲಿಸಿದ ಲೆಕ್ಕ

ತಮ್ಮ ಈ ಸಲ ಎಸ್ಸೆಸ್ಸೆಲ್ಸಿ ಬರೆದಿದ್ದ. ಫಲಿತಾಂಶ ಬಂದ ದಿನ ಸಂಜೆಗೇ ನಮ್ಮ ಮನೆ ಕಟ್ಟೆ ತುಂಬಿತು. ದೊಡ್ಡಪ್ಪ, ಎದುರು ಮನೆಯ ನಿವೃತ್ತ ಮೇಷ್ಟ್ರು, ಹಾಲಿನ ಡೇರಿಗೆ ಹೊರಟಿದ್ದವರು, ಸುಮ್ಮನೆ ಬಂದವರು. ಎಲ್ಲರದೂ ಒಂದೇ ಪ್ರಶ್ನೆ: ‘ಮುಂದೆ ಏನ್ ಓದಿಸ್ತೀಯೋ?’ ಅಪ್ಪ ಉತ್ತರ ಹೇಳದೆ ನನ್ನ ಕಡೆ ನೋಡಿದ. ಎಂಟು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ನನ್ನ ಬಗ್ಗೆ ಇದೇ ಪ್ರಶ್ನೆ ಎದ್ದಾಗ ಅಪ್ಪ ನೋಡಿದ್ದು ದೊಡ್ಡಪ್ಪನ ಕಡೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2018ರಲ್ಲಿ. ಊರು ಕೊಟ್ಟೂರಿಗೆ ಹತ್ತಿರದ ಒಂದು ಹಳ್ಳಿ. ಆಗ ನಮ್ಮದು ಬಳ್ಳಾರಿ ಜಿಲ್ಲೆ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಮಳೆ ನಂಬಿದ ಮೂರೂವರೆ ಎಕರೆ ಹೊಲ, ಒಂದು ವರ್ಷ ಮೆಕ್ಕೆಜೋಳ, ಒಂದು ವರ್ಷ ಶೇಂಗಾ. ಮಳೆ ಕೈಕೊಟ್ಟ ವರ್ಷ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಮಲೆನಾಡಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ ಕೆಲಸ ಅಂತ ಗುಳೆ ಹೋಗುತ್ತಾರೆ. ಏಳನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಇಬ್ಬರು ಹುಡುಗಿಯರು ಎಂಟನೇ ತರಗತಿಗೆ ಬರಲೇ ಇಲ್ಲ. ಅಂಥ ಓಣಿಯಲ್ಲಿ ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ 625ಕ್ಕೆ 548 ತೆಗೆದರೆ ಅದು ಇಡೀ ಓಣಿಯ ಸುದ್ದಿ.

ಶಾಲೆಯ ಮುಖ್ಯೋಪಾಧ್ಯಾಯರು ‘ಸೈನ್ಸ್ ಕೊಡಿಸಿ’ ಅಂದರು. ಅತ್ತೆ ಮಾತ್ರ ಫೋನು ಮಾಡಿ, ‘ನಮ್ಮಾಕಿನ್ನ ಡಿಪ್ಲೊಮಾಕ್ಕೆ ಹಾಕ್ತಾ ಇದೀವಿ, ಇಬ್ರನ್ನೂ ಜೊತೆಗೇ ಹಾಕಾನ’ ಅಂದಳು. ಅತ್ತೆಯ ಮನೆ ಹರಪನಹಳ್ಳಿ ತಾಲ್ಲೂಕಿನಲ್ಲಿ. (ಆ ತಾಲ್ಲೂಕಿನದೇ ಒಂದು ಕಥೆ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ. ಅತ್ತೆ ಮಗಳ ಒಂದೊಂದು ಸರ್ಟಿಫಿಕೇಟಿನ ಮೇಲೆ ಒಂದೊಂದು ಜಿಲ್ಲೆಯ ಹೆಸರಿದೆ.) ಅವಳ ಅಂಕ ನನಗಿಂತ ಮೂವತ್ತು ಕಡಿಮೆ.

ದೊಡ್ಡಪ್ಪ ಫೋನಿನ ಮಾತು ಕೇಳಿಸಿಕೊಂಡು ನಕ್ಕ. ‘ಡಿಪ್ಲೊಮಾ ಅಂದ್ರೆ ಪಿಯುಸಿ ಓದಾಕೆ ಆಗದೋರು ಮಾಡಾದು. ಇಷ್ಟು ಮಾರ್ಕ್ಸ್ ತಗಂಡಾಕಿನ್ನ ಅಲ್ಲಿಗೆ ಯಾಕೆ ಕಳಿಸ್ತೀಯೋ? ಇಂಜಿನಿಯರೋ ಡಾಕ್ಟರೋ ಆಗ್ಲಿ ಬಿಡು.’ ದೊಡ್ಡಪ್ಪನಿಗೆ ನನ್ನ ಮೇಲೆ ಪ್ರೀತಿ ಇತ್ತು, ಈಗಲೂ ಇದೆ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಕಟ್ಟೆಯ ಮೇಲೆ ಕೂತಿದ್ದ ಯಾರೂ ಪಿಯುಸಿ ಸೈನ್ಸಿನ ಪುಸ್ತಕವನ್ನು ತೆರೆದು ನೋಡಿದವರಲ್ಲ. ಪಾಲಿಟೆಕ್ನಿಕ್ಕಿನ ಗೇಟು ದಾಟಿದವರೂ ಅಲ್ಲ. ನಾನೂ ಅಷ್ಟೇ. ನನಗೆ ಗೊತ್ತಿದ್ದದ್ದು ಒಂದೇ: ಚೆನ್ನಾಗಿ ಓದುವವರು ಸೈನ್ಸ್ ತಗೊಳ್ಳುತ್ತಾರೆ.

ಮೂರನೆಯವಳೊಬ್ಬಳಿದ್ದಳು. ನನ್ನ ಬೆಂಚಿನ ಗೆಳತಿ, ನನಗಿಂತ ಹನ್ನೆರಡು ಅಂಕ ಹೆಚ್ಚು ತೆಗೆದವಳು. ಅವಳು ಕೊಟ್ಟೂರಿಗೆ ಹೋಗಿ ಕಲಾ ವಿಭಾಗಕ್ಕೆ ಸೇರಿದಳು. ಬೇರೆ ಊರಲ್ಲಾಗಿದ್ದರೆ ಜನ ‘ಅಯ್ಯೋ ಪಾಪ’ ಅನ್ನುತ್ತಿದ್ದರೇನೋ. ನಮ್ಮ ಕಡೆ ಯಾರೂ ಹಾಗೆ ಅನ್ನಲಿಲ್ಲ. ಕೊಟ್ಟೂರಿನ ಇಂದು ಪಿಯು ಕಾಲೇಜಿನ ಮಕ್ಕಳು ಕಲಾ ವಿಭಾಗದಲ್ಲಿ ಎಷ್ಟೋ ವರ್ಷಗಳಿಂದ ರಾಜ್ಯಕ್ಕೇ ಮೊದಲು ಬರುತ್ತಿದ್ದಾರೆ. ಅವಳು ಮೊದಲ ಪಿಯುಸಿಯಲ್ಲಿದ್ದಾಗ, 2019ರಲ್ಲಿ, ರಾಜ್ಯಕ್ಕೆ ಮೊದಲು ಬಂದ ಹುಡುಗಿಗೆ 600ಕ್ಕೆ 594. ಸೈಕಲ್ ಪಂಕ್ಚರ್ ಅಂಗಡಿಯವರ ಮಗಳು. 2025ರಲ್ಲಿ ಅದೇ ಕಾಲೇಜಿಗೆ 597. ಐಚ್ಛಿಕ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ, ಶಿಕ್ಷಣಶಾಸ್ತ್ರ ಓದಲು ಬೇರೆ ಬೇರೆ ಜಿಲ್ಲೆಗಳಿಂದ ಮಕ್ಕಳು ಹುಡುಕಿಕೊಂಡು ಬರುವ ಊರದು. ಬುದ್ಧಿವಂತರೆಲ್ಲ ಸೈನ್ಸಿಗೇ ಹೋಗಬೇಕು ಅನ್ನುವ ಮಾತು ಸುಳ್ಳು ಅನ್ನುವುದಕ್ಕೆ ಸಾಕ್ಷಿ ನಮ್ಮ ಮನೆ ಬಾಗಿಲಲ್ಲೇ ಇತ್ತು. ಆದರೂ ನಾನು ಸೈನ್ಸ್ ಅಂದೆ. ಕನ್ನಡದಲ್ಲಿ ನನಗೆ 125ಕ್ಕೆ 123 ಬಂದಿತ್ತು ಅನ್ನುವುದು ಆಗ ಯಾರಿಗೂ ಮುಖ್ಯ ಅನ್ನಿಸಲಿಲ್ಲ, ನನಗೂ.

ಸೇರಿದ್ದು ಹತ್ತಿರದ ಪಟ್ಟಣದ ಒಂದು ಕಾಲೇಜಿಗೆ. ಮೊದಲ ವಾರವೇ ಭೌತಶಾಸ್ತ್ರದ ತರಗತಿಯಲ್ಲಿ ‘ಅಕ್ಸಲರೇಷನ್’ ಅನ್ನುವ ಪದ ಬಂತು. ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಕಿವಿಗೆ ಬಿದ್ದಂತೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಅದು ನಾನು ಒಂಬತ್ತನೇ ತರಗತಿಯಲ್ಲೇ ಓದಿದ್ದ ‘ವೇಗೋತ್ಕರ್ಷ’ ಅಂತ ಗೊತ್ತಾಗಲು ಹತ್ತು ದಿನ ಬೇಕಾಯಿತು. ಸಂವೇಗ ಹೋಗಿ ‘ಮೊಮೆಂಟಮ್’ ಬಂತು, ದ್ಯುತಿಸಂಶ್ಲೇಷಣೆ ಹೋಗಿ ‘ಫೋಟೋಸಿಂಥೆಸಿಸ್’ ಬಂತು. ನನಗೆ ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಸ್ವಂತ ಊರಲ್ಲೇ ಎಲ್ಲರೂ ರಾತ್ರೋರಾತ್ರಿ ಹೆಸರು ಬದಲಿಸಿಕೊಂಡು ಓಡಾಡಿದರೆ ಹೇಗಾಗುತ್ತದೋ ಹಾಗೆ. ಪುಸ್ತಕ ಎನ್‌ಸಿಇಆರ್‌ಟಿಯದು, ದಪ್ಪ, ಸಣ್ಣ ಅಕ್ಷರ. ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬಂದದ್ದು ಸೆಪ್ಟೆಂಬರಿನಲ್ಲಿ. ಪಾಪ, ಅವರು ಮೂರು ತಿಂಗಳ ಪಾಠವನ್ನು ಮೂರು ವಾರದಲ್ಲಿ ಓಡಿಸಿದರು. ನಾವು ಬಾಯಿಪಾಠ ಮಾಡಿದೆವು.

ಎರಡನೇ ಪಿಯುಸಿಗೆ ಬಂದಾಗ ಟ್ಯೂಷನ್ ಇಲ್ಲದೆ ಆಗುವುದಿಲ್ಲ ಅಂತ ಎಲ್ಲರೂ ಹೇಳಿದರು. ಸಿಇಟಿ ಕ್ರ್ಯಾಶ್ ಕೋರ್ಸೂ ಸೇರಿ ಹದಿನೆಂಟು ಸಾವಿರ. ಅವ್ವ ಬೆಂಡೋಲೆ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅವನ್ನು ಗಿರವಿ ಇಟ್ಟು ದುಡ್ಡು ತಂದ. ಅವ್ವ ಬರಿಗಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಕೂಲಿಗೆ ಹೋಗತೊಡಗಿದಳು. ಕೊಟ್ಟೂರು ತೇರಿನ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಭೌತಶಾಸ್ತ್ರದಲ್ಲಿ ನಾನು ಫೇಲು. ಮನೆಯಲ್ಲಿ ಹೇಳಲಿಲ್ಲ.

ಅದು 2020. ಮಾರ್ಚಿನಲ್ಲಿ ಪರೀಕ್ಷೆ ನಡೆಯುತ್ತಿದ್ದಾಗಲೇ ಲಾಕ್‌ಡೌನ್ ಬಂತು. ಉಳಿದಿದ್ದ ಇಂಗ್ಲಿಷ್ ಪತ್ರಿಕೆಯನ್ನು ಜೂನ್ 18ರಂದು ಮಾಸ್ಕ್ ಹಾಕಿಕೊಂಡು ಬರೆದೆವು. ಜುಲೈನಲ್ಲಿ ಫಲಿತಾಂಶ ಬಂತು. 600ಕ್ಕೆ 334, ಸೆಕೆಂಡ್ ಕ್ಲಾಸು. ಕನ್ನಡಕ್ಕೆ 92, ಇಂಗ್ಲಿಷಿಗೆ 71, ಜೀವಶಾಸ್ತ್ರಕ್ಕೆ 54. ಗಣಿತ 41, ರಸಾಯನಶಾಸ್ತ್ರ 40, ಭೌತಶಾಸ್ತ್ರ 36. ಓಣಿಯಲ್ಲಿ ಪೇಡೆ ಹಂಚಿದರು. ಎಲ್ಲದರಲ್ಲೂ ಪಾಸಾಗಿದ್ದೆನಲ್ಲ.

ಆ ತಿಂಗಳ ಕೊನೆಗೆ ಸಿಇಟಿಯನ್ನೂ ಬರೆದೆ. ಸೈಬರ್ ಅಂಗಡಿಯ ಅಣ್ಣನೇ ಮೊದಲು ಅಂಕಪಟ್ಟಿ ನೋಡಿ ಲೆಕ್ಕ ಹಾಕಿದ್ದು. ಇಂಜಿನಿಯರಿಂಗ್ ಸೀಟಿಗೆ ಭೌತ, ರಸಾಯನ, ಗಣಿತ ಮೂರೂ ಸೇರಿ ಶೇ 45 ಬೇಕು, ಮೀಸಲಾತಿ ಇದ್ದವರಿಗೆ ಶೇ 40. ನನಗೆ ಶೇ 40 ಸಾಕಿತ್ತು, ಅಂದರೆ 300ಕ್ಕೆ 120. ನನ್ನದು 117.

ಮೂರು ಅಂಕ. ಸಿಇಟಿಯಲ್ಲಿ ಎಷ್ಟು ತೆಗೆದರೂ ರ‍್ಯಾಂಕ್ ಪಟ್ಟಿಯಲ್ಲಿ ನನ್ನ ಹೆಸರು ಬರುವಂತಿರಲಿಲ್ಲ. ನೂರಕ್ಕೆ 92 ತಂದ ಕನ್ನಡ ಅಲ್ಲಿ ಲೆಕ್ಕಕ್ಕೇ ಇಲ್ಲ. ಆ ದಿನ ಕೊಟ್ಟೂರಿನಿಂದ ಊರಿಗೆ ಬರುವ ಬಸ್ಸಿನಲ್ಲಿ ಅವ್ವನ ಕಿವಿಯ ಬೇವಿನ ಕಡ್ಡಿ ಬಿಟ್ಟರೆ ಬೇರೇನೂ ಕಣ್ಣ ಮುಂದೆ ಬರಲಿಲ್ಲ.

ದಾರಿ ತೋರಿಸಿದ್ದು ಅತ್ತೆ ಮಗಳು. ಅವಳು ಆಗ ಡಿಪ್ಲೊಮಾ ಎರಡು ವರ್ಷ ಮುಗಿಸಿ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಳು. ‘ಪಿಯುಸಿ ಸೈನ್ಸ್ ಪಾಸಾದೋರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೀದಾ ಸೇರಬಹುದು ಕಣೇ. ಲ್ಯಾಟರಲ್ ಎಂಟ್ರಿ ಅಂತಾರೆ. ಐಟಿಐ ಮಾಡಿದೋರೂ ಬರ‍್ತಾರೆ. ನಮ್ಮ ಕ್ಲಾಸಲ್ಲೇ ನಾಕು ಜನ ಐದಾರೆ.’ ಈ ವಿಷಯವನ್ನು ಎರಡು ವರ್ಷದಲ್ಲಿ ನನಗೆ ಒಬ್ಬರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅದು ಬೇರೆ ಮಾತು. ಎರಡೂ ಗಾಡಿಗಳು ಬೇರೆ ಬೇರೆ ಹಳಿಯ ಮೇಲೆ ಓಡುತ್ತವೆ, ಮಧ್ಯೆ ಎಲ್ಲೂ ಕೂಡುವುದಿಲ್ಲ ಅಂತಲೇ ತಿಳಿದಿದ್ದೆ.

ಹೀಗೆ 2020ರಲ್ಲಿ ನಮ್ಮ ಕಡೆಯದೇ ಒಂದು ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಎರಡನೇ ವರ್ಷಕ್ಕೆ ಸೇರಿದೆ. ದೊಡ್ಡಪ್ಪನಿಗೆ ಮುಖ ತೋರಿಸಲು ನಾಚಿಕೆ. ಅವನೂ ಏನೂ ಅನ್ನಲಿಲ್ಲ, ಎರಡು ತಿಂಗಳು ಕಟ್ಟೆಗೇ ಬರಲಿಲ್ಲ. ಶುರುವಿನಲ್ಲಿ ತರಗತಿಗಳೆಲ್ಲ ಆನ್‌ಲೈನ್. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಓವರ್‌ಹೆಡ್ ಟ್ಯಾಂಕಿನ ಹತ್ತಿರ ಮಾತ್ರ. ಅಲ್ಲಿ ಕೂತು ಕೇಳಿದ ಪಾಠದಲ್ಲಿ ಅರ್ಧ ಗಾಳಿಗೆ ಹೋಯಿತು. ಲ್ಯಾಬ್ ತೆರೆದ ಮೇಲೆ ನನ್ನ ನಿಜವಾದ ಓದು ಶುರುವಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಯುಸಿಯಲ್ಲಿ ಓಮನ ನಿಯಮವನ್ನು ನಾನು ಹತ್ತು ಸಲ ಬರೆದಿದ್ದೆ, ಇಂಗ್ಲಿಷಿನಲ್ಲೇ, ಒಂದು ಅಕ್ಷರ ತಪ್ಪಿಲ್ಲದೆ. ಪಾಲಿಟೆಕ್ನಿಕ್ಕಿನಲ್ಲಿ ಮೇಡಂ ಒಂದು ಬ್ರೆಡ್‌ಬೋರ್ಡು, ಎರಡು ರೆಸಿಸ್ಟರು, ಒಂದು ಮಲ್ಟಿಮೀಟರು ಕೊಟ್ಟು, ‘ಎಷ್ಟು ಕರೆಂಟು ಹರಿಯುತ್ತದೆ ಅಳೆದು ಹೇಳು’ ಅಂದರು. ಮೀಟರನ್ನು ಎಲ್ಲಿ ಜೋಡಿಸಬೇಕು ಅಂತಲೇ ತಿಳಿಯದೆ ನಿಂತೆ. ಪಕ್ಕದಲ್ಲಿದ್ದ ಐಟಿಐ ಹುಡುಗ, ಕೂಡ್ಲಿಗಿ ಕಡೆಯವನು, ಊರಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿದ್ದವನು, ಅರ್ಧ ನಿಮಿಷದಲ್ಲಿ ಜೋಡಿಸಿದ. ಅವನಿಗೆ ಸೂತ್ರ ಬರುತ್ತಿರಲಿಲ್ಲ, ನನಗೆ ಕೈ ಬರುತ್ತಿರಲಿಲ್ಲ. ಎರಡು ವರ್ಷ ನಾವಿಬ್ಬರೂ ಒಂದೇ ಬ್ಯಾಚು. ಅವನ ಕೈಗೆ ನನ್ನ ಸೂತ್ರ, ನನ್ನ ಸೂತ್ರಕ್ಕೆ ಅವನ ಕೈ. ಡಿಪ್ಲೊಮಾ ಮುಗಿದಾಗ ನನಗೆ ಶೇ 78.

ಹಾಗಂತ ಪಾಲಿಟೆಕ್ನಿಕ್ ಸ್ವರ್ಗವೇನಲ್ಲ. ಆರು ತಿಂಗಳಿಗೊಂದು ಪರೀಕ್ಷೆ. ಒಂದು ಸೆಮಿಸ್ಟರಿನಲ್ಲಿ ಉಳಿದ ವಿಷಯ ಮುಂದಿನ ಸೆಮಿಸ್ಟರಿನ ತಲೆಯ ಮೇಲೆ ಕೂರುತ್ತದೆ. ‘ನಾಲ್ಕು ಬ್ಯಾಕ್ ಅದಾವೆ’ ಅಂತ ನಗುತ್ತ ಹೇಳುವ ಹುಡುಗರು ಮೂರು ವರ್ಷದ ಕೋರ್ಸನ್ನು ಐದು ವರ್ಷ ಎಳೆಯುವುದನ್ನು ನೋಡಿದ್ದೇನೆ. ಪಾಠ ಅಲ್ಲೂ ಇಂಗ್ಲಿಷೇ. ಅಲ್ಲಿಗೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೂ ವೇಗೋತ್ಕರ್ಷದ ಸಂಕಟ ತಪ್ಪುವುದಿಲ್ಲ. ಆದರೆ ವಸ್ತು ಕಣ್ಣೆದುರಿಗೆ ಇರುವುದರಿಂದ ಹೆಸರು ಬೇಗ ಅಂಟಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತು, ಹದಿನೈದು ಹದಿನಾರನೇ ವಯಸ್ಸಿಗೇ ಸಿವಿಲ್ಲೋ ಮೆಕ್ಯಾನಿಕಲ್ಲೋ ಅಂತ ಒಂದು ಬ್ರಾಂಚಿಗೆ ಕಟ್ಟಿಹಾಕಿಕೊಳ್ಳಬೇಕು. ಆಮೇಲೆ ‘ನನಗೆ ಡಾಕ್ಟರಾಗಬೇಕು’ ಅನ್ನಿಸಿದರೆ ನೀಟ್ ಬರೆಯಲು ಬೇಕಾದ ಜೀವಶಾಸ್ತ್ರವೇ ಕೈಯಲ್ಲಿರುವುದಿಲ್ಲ. ಪಿಯುಸಿ ಸೈನ್ಸ್ ಪಾಸಾದವರಿಗೆ ಇಂಜಿನಿಯರಿಂಗ್ ಜೊತೆಗೆ ಕೃಷಿ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್, ಬಿ.ಎಸ್ಸಿ ಇಷ್ಟೂ ಬಾಗಿಲು ತೆರೆದಿರುತ್ತವೆ. ತೆರೆದಿರುತ್ತವೆ, ಅಂಕ ಬಂದರೆ.

ವರ್ಷದ ಲೆಕ್ಕವನ್ನು ನಾನು ಎಷ್ಟೋ ಸಲ ಹಾಕಿದ್ದೇನೆ. ಪಿಯುಸಿ ಎರಡು, ಬಿ.ಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಡಿಸಿಇಟಿ ಬರೆದು ಸೀದಾ ಎರಡನೇ ವರ್ಷಕ್ಕೆ ಸೇರಿದರೆ ಬಿ.ಇ ಮೂರು, ಅದೂ ಆರು. ಎರಡು ದಾರಿಯೂ ಒಂದೇ ಉದ್ದ. ಇದು ಗೊತ್ತಾದಾಗ ನನಗೆ ಸಿಟ್ಟೇ ಬಂತು. ಡಿಪ್ಲೊಮಾ ಮಾಡಿದರೆ ವರ್ಷ ಹಾಳು ಅಂತ ಕಟ್ಟೆಯ ಮೇಲೆ ಎಷ್ಟು ಗಟ್ಟಿಯಾಗಿ ಹೇಳಿದ್ದರು! ವ್ಯತ್ಯಾಸ ಇರುವುದು ನಡುದಾರಿಯಲ್ಲಿ. ಮನೆಯಲ್ಲಿ ಕಷ್ಟ ಬಂದು ಮಧ್ಯದಲ್ಲೇ ಓದು ನಿಲ್ಲಿಸಬೇಕಾಗಿ ಬಂದರೆ, ಡಿಪ್ಲೊಮಾದವರ ಕೈಯಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ, ರೈಲ್ವೆಯ ಜೆಇ ಪರೀಕ್ಷೆಗೆ, ಅಪ್ರೆಂಟಿಸ್ ತರಬೇತಿಗೆ ಅರ್ಜಿ ಹಾಕುವ ಒಂದು ಕಾಗದ ಇರುತ್ತದೆ. ಪಿಯುಸಿ ಸೈನ್ಸ್‌ನಲ್ಲಿ 36 ಅಂಕ ತೆಗೆದವಳ ಕೈಯಲ್ಲಿ ಇರುವುದು ಬೇರೆ ಥರದ ಕಾಗದ. ಪಿಯುಸಿ ಕೇಳುವ ಸರ್ಕಾರಿ ಹುದ್ದೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಅಲ್ಲಿ ಸ್ಪರ್ಧೆಗೆ ನಿಂತವರ ಸಾಲು ಎಷ್ಟು ಉದ್ದ ಅಂತ ಈ ಪುಟ ಓದುವ ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನದು ಮಾತ್ರ ಏಳು ವರ್ಷ ಆಯಿತು. ಪಿಯುಸಿ ಎರಡು, ಡಿಪ್ಲೊಮಾ ಎರಡು, ಬಿ.ಇ ಮೂರು.

ಬಿ.ಇ ಓದಿದ್ದು ಹೂವಿನಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. 2022ರಲ್ಲಿ ಡಿಸಿಇಟಿ ಬರೆದು ಸೇರಿದೆ. ಈ ಸಲ ಅರ್ಜಿ ತುಂಬುವ ಮೊದಲೇ ಕಾಗದಪತ್ರ ಹೊಂದಿಸಿದ್ದೆ. ನಮ್ಮ ಆರು ತಾಲ್ಲೂಕಿನ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. 371ಜೆ ಪ್ರಮಾಣಪತ್ರ ಇದ್ದರೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳಿಗೆ ನಾವು ಹಕ್ಕುದಾರರು. ಅದಕ್ಕೆ ಉಪವಿಭಾಗಾಧಿಕಾರಿಗಳ ಸಹಿ ಬೇಕು. ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ. ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೂ ಸಿಇಟಿಯಲ್ಲಿ ಮೀಸಲಾತಿ ಇದೆ. ಅದರ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಸಹಿಯ ಜೊತೆ ಬಿಇಒ ಮೇಲುಸಹಿ ಆಗಬೇಕು. ಮೇ ತಿಂಗಳ ಬಿಸಿಲಲ್ಲಿ ಶಾಲೆಗೆ ಬೀಗ, ಮುಖ್ಯೋಪಾಧ್ಯಾಯರು ಊರಲ್ಲಿಲ್ಲ, ಕಚೇರಿಯಲ್ಲಿ ‘ನಾಳೆ ಬಾ’. ಅಂಕ ಇದ್ದೂ ಕಾಗದ ಇಲ್ಲದೆ ಸೀಟು ಬಿಟ್ಟವರನ್ನು ನಾನೇ ಕಂಡಿದ್ದೇನೆ. ಮಾರ್ಚಿನಲ್ಲೇ ಓಡಾಡಿ ಮುಗಿಸಿಕೊಳ್ಳಿ.

ಹಡಗಲಿಯ ದಿನಗಳ ಬಗ್ಗೆ ಬರೆದರೆ ಅದೇ ಒಂದು ಲೇಖನ ಆಗುತ್ತದೆ. ಬಿಸಿಎಂ ಹಾಸ್ಟೆಲಿನ ಹುಡುಗಿಯರು ಸಂಜೆ ದುಡ್ಡು ಕೂಡಿಸಿ ಒಂದು ಮಾರು ಮಲ್ಲಿಗೆ ತಂದು ಹಂಚಿಕೊಳ್ಳುತ್ತಿದ್ದದ್ದು, 2023ರ ಜೂನಿನಿಂದ ಬಸ್ಸು ಉಚಿತವಾದ ಮೇಲೆ ನಾನು ಪ್ರತಿ ಶನಿವಾರ ಊರಿಗೆ ಓಡುತ್ತಿದ್ದದ್ದು. ಇಲ್ಲಿ ಹೇಳಬೇಕಾದದ್ದು ಗಣಿತದ ಮಾತು. ಡಿಪ್ಲೊಮಾದಿಂದ ಬಂದವರಿಗೆ ವಿಟಿಯು ಹೆಚ್ಚುವರಿ ಗಣಿತದ ಎರಡು ಪತ್ರಿಕೆ ಇಟ್ಟಿತ್ತು. ಮೊದಲ ವರ್ಷದ ಗಣಿತ ಓದದೆ ಬಂದವರಲ್ಲವೇ ನಾವು. ಇಂಟಿಗ್ರೇಷನ್ ಅಂದರೆ ನನ್ನ ಡಿಪ್ಲೊಮಾ ಗೆಳೆಯರು ಬೆವರುತ್ತಿದ್ದರು. ನನಗೆ ಅಷ್ಟು ಕಷ್ಟ ಆಗಲಿಲ್ಲ. ನಾನು 41 ಅಂಕ ತೆಗೆದಿದ್ದ ಆ ಪಿಯುಸಿ ಗಣಿತ, ಎರಡು ವರ್ಷ ಎಲ್ಲೋ ಮೂಲೆಯಲ್ಲಿ ಕೂತಿದ್ದದ್ದು, ಎದ್ದು ಬಂತು. ರಾತ್ರಿ ಹಾಸ್ಟೆಲಿನಲ್ಲಿ ಆರು ಜನರನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಲ್ಯಾಬಿನಲ್ಲಿ ಮಾತ್ರ ಪಿಯುಸಿಯಿಂದ ಬಂದವರು ನಮ್ಮ ಹತ್ತಿರ ಬರುತ್ತಿದ್ದರು. ಸೋಲ್ಡರಿಂಗ್ ಮಾಡುವಾಗ ಅವರ ಕೈ ನಡುಗುತ್ತಿತ್ತು. ಹಾಗಾಗಿ ನನ್ನ ಎರಡು ವರ್ಷ ಪೂರ್ತಿ ದಂಡವಾಯಿತು ಅಂತ ಈಗ ನಾನು ಹೇಳುವುದಿಲ್ಲ. ಹೆಚ್ಚಾದದ್ದು ಒಂದು ವರ್ಷ. ಆದರೆ ಅದರ ಬೆಲೆ ಕಟ್ಟಿದ್ದು ನಾನಲ್ಲ.

ಒಮ್ಮೆ ತರಗತಿಯಲ್ಲಿ ಅಮೆರಿಕದ ಮಾತು ಬಂದಿತ್ತು. ಅಲ್ಲಿಯ ಹೈಸ್ಕೂಲು ಮಕ್ಕಳಿಗೂ ಇಂಥದೇ ಒಂದು ಆಯ್ಕೆ ಇದೆಯಂತೆ. ಶಾಲೆಯಲ್ಲೇ ಎಪಿ ಅನ್ನುವ ಕಠಿಣ ಪಾಠ ಓದಿ ಮೇ ತಿಂಗಳಲ್ಲಿ ಒಂದು ದೊಡ್ಡ ಪರೀಕ್ಷೆ ಬರೆಯುವುದು ಒಂದು ದಾರಿ. 1ರಿಂದ 5ರವರೆಗೆ ಅಂಕ, ಒಳ್ಳೆಯ ಅಂಕ ಬಂದರೆ ಎಷ್ಟೋ ಕಾಲೇಜುಗಳು ಅದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಇನ್ನೊಂದು, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ನೇರವಾಗಿ ಕಾಲೇಜು ಪಾಠ ಓದಿ ಕ್ರೆಡಿಟ್ ಗಳಿಸುವುದು. ಅಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗುವವರೂ ಇದ್ದಾರೆ. ಕೇಳುತ್ತ ಕೂತಾಗ ನಮ್ಮ ಕಟ್ಟೆಯೇ ನೆನಪಾಯಿತು. ಒಂದರಲ್ಲಿ ವರ್ಷದ ಓದೆಲ್ಲ ಒಂದು ಬೆಳಗಿನ ಮೂರು ಗಂಟೆಯ ಮೇಲೆ ನಿಂತಿದೆ, ಇನ್ನೊಂದರಲ್ಲಿ ಓದಿದಷ್ಟು ಕೈಯಲ್ಲಿ ಉಳಿಯುತ್ತದೆ. ಒಂದೇ ದಿನದ ಪರೀಕ್ಷೆಯಲ್ಲಿ ಮಿಂಚುವ ಮಕ್ಕಳಿದ್ದಾರೆ. ನನ್ನಂಥವರು ಆರಾರು ತಿಂಗಳಿಗೆ ಸ್ವಲ್ಪ ಸ್ವಲ್ಪ ಕಟ್ಟಿಕೊಂಡು ಹೋಗುವವರು. ಇದು ಹದಿನಾರರಲ್ಲಿ ನನಗೆ ಗೊತ್ತಿರಲಿಲ್ಲ. ಹೇಳಬಹುದಾಗಿದ್ದವರು ನನ್ನ ಮೇಷ್ಟ್ರುಗಳು. ಅವರೂ 548ನ್ನಷ್ಟೇ ನೋಡಿದರು.

ಅತ್ತೆ ಮಗಳು 2021ರಲ್ಲಿ ಡಿಪ್ಲೊಮಾ ಮುಗಿಸಿ ತೋರಣಗಲ್ಲು ಕಡೆಯ ಒಂದು ಕಾರ್ಖಾನೆಗೆ ಟ್ರೈನಿಯಾಗಿ ಸೇರಿದಳು. ಮೊದಲ ತಿಂಗಳು ಹದಿನಾಲ್ಕು ಸಾವಿರ. ಅವ್ವನ ಬೆಂಡೋಲೆ ಆಗ ಇನ್ನೂ ಗಿರವಿಯಲ್ಲೇ ಇತ್ತು. ಬಡ್ಡಿ ಕಟ್ಟುತ್ತ ಕಟ್ಟುತ್ತ ಅಸಲು ಹಾಗೇ ಉಳಿದಿತ್ತು. ಆ ವರ್ಷ ದೀಪಾವಳಿಗೆ ಅವಳು ನಮ್ಮ ಮನೆಗೆ ಬಂದವಳು ಅಪ್ಪನ ಕೈಗೆ ದುಡ್ಡು ಕೊಟ್ಟು, ‘ಮಾವ, ಅತ್ತೆ ಓಲೆ ಬಿಡಿಸ್ಕಂಡು ಬಾ. ಇವ್ಳು ಕೆಲಸಕ್ಕೆ ಸೇರಿದ್ ಮ್ಯಾಲೆ ಕೊಡ್ಲಿ’ ಅಂದಳು. ಆ ಸಾಲ ಇನ್ನೂ ಹಾಗೇ ಇದೆ. ಬಿ.ಇ ಮುಗಿಸಿ ವರ್ಷವಾಗುತ್ತ ಬಂತು. ಕೊಟ್ಟೂರಿನಲ್ಲಿ ಸಂಜೆ ಟ್ಯೂಷನ್ ಹೇಳಿಕೊಂಡು ಜೆಇ, ಎಇ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಒಂದು ಕಂಪನಿಯ ಎರಡನೇ ಸುತ್ತಿನ ಸಂದರ್ಶನ ಮುಗಿದಿದೆ, ಉತ್ತರ ಬಂದಿಲ್ಲ.

ಅವಳದೂ ಸುಖದ ಕಥೆ ಅಂತ ತಿಳಿಯಬೇಡಿ. ಐದು ವರ್ಷದಲ್ಲಿ ಅವಳ ಕೆಳಗೆ ಬಿ.ಇ ಮಾಡಿದ ಹುಡುಗರು ಬಂದು ಅವಳಿಗಿಂತ ಮೇಲೆ ಹೋದರು. ‘ಅವತ್ತೇ ಡಿಸಿಇಟಿ ಬರೀಬೇಕಿತ್ತು ಕಣೇ. ಈಗ ಸಂಬಳ ಬಿಟ್ಟು ಓದಾಕೆ ಹೋದ್ರೆ ಮನೆ ನಡಿಯಲ್ಲ’ ಅನ್ನುತ್ತಾಳೆ. ನಾನು ಅವಳ ಸಂಬಳ ನೋಡಿ ನಿಟ್ಟುಸಿರು ಬಿಡುತ್ತೇನೆ, ಅವಳು ನನ್ನ ಡಿಗ್ರಿ ನೋಡಿ. ಕಲಾ ವಿಭಾಗದ ಗೆಳತಿ ಬಿ.ಎ, ಬಿ.ಎಡ್ ಮುಗಿಸಿ, ಪಿಡಿಒ ಪರೀಕ್ಷೆಯನ್ನೂ ಬರೆದು, ಈಗ ಶಿಕ್ಷಕರ ನೇಮಕಾತಿಗೆ ಕಾಯುತ್ತಿದ್ದಾಳೆ. ನಾವು ಮೂವರಲ್ಲಿ ಓದನ್ನು ಒಂದು ದಿನವೂ ಶಪಿಸದವಳು ಅವಳೊಬ್ಬಳೇ. ಇತಿಹಾಸದ ಮಾತೆತ್ತಿದರೆ ಈಗಲೂ ಊಟ ಮರೆಯುತ್ತಾಳೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅವನದು 625ಕ್ಕೆ 497. ಗಣಿತ, ವಿಜ್ಞಾನ ಎರಡರಲ್ಲೂ ಎಂಬತ್ತರ ಮೇಲಿದೆ. ಕನ್ನಡ ಮಾಧ್ಯಮವೇ. ಮನೆಯ ಮಿಕ್ಸಿ ಕೆಟ್ಟರೆ ಬಿಚ್ಚಿ ಹರಡುತ್ತಾನೆ. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿದಿರುತ್ತದೆ, ಆದರೆ ಮಿಕ್ಸಿ ತಿರುಗುತ್ತದೆ. ನೋಡಿದರೆ ಡಿಪ್ಲೊಮಾಕ್ಕೇ ಹುಟ್ಟಿದವನು. ಆದರೆ ಅವನ ಬಾಯಲ್ಲಿ ಬೇರೆಯದೇ ಇದೆ. ಆಕಳು ಕರು ಹಾಕುವಾಗ ಕಷ್ಟವಾಗಿ ರಾತ್ರಿ ಹನ್ನೊಂದಕ್ಕೆ ಹಗರಿಬೊಮ್ಮನಹಳ್ಳಿಯಿಂದ ಬಂದ ಪಶುವೈದ್ಯರನ್ನು ಅವನು ಕಂಡಿದ್ದಾನೆ. ಬ್ಯಾಟರಿ ಹಿಡಿದು ನಿಂತವನು ಅವನೇ. ಅಂದಿನಿಂದ ‘ದನದ ಡಾಕ್ಟರ್ ಆಗ್ಬೇಕು’ ಅನ್ನುತ್ತಾನೆ. ಹಾಗಾದರೆ ಪಿಯುಸಿ ಬೇಕು, ಜೀವಶಾಸ್ತ್ರ ಬೇಕು, ಸಿಇಟಿ ಬೇಕು. ಡಿಪ್ಲೊಮಾ ಅವನನ್ನು ಅಲ್ಲಿಗೆ ಮುಟ್ಟಿಸುವುದಿಲ್ಲ.

ಕಟ್ಟೆಯ ಮೇಲೆ ದೊಡ್ಡಪ್ಪ ಈ ಸಲ ಉಲ್ಟಾ ಹೊಡೆದ. ‘ಡಿಪ್ಲೊಮಾಕ್ಕೆ ಹಾಕು, ಸುಮ್ನಿರು. ನಿನ್ನ ಮಗಳ ಕಥೆ ಕಂಡಿಲ್ಲೇನು? ಪಿಯುಸಿ ನಮ್ಮಂತೋರಿಗಲ್ಲ.’ ಎಂಟು ವರ್ಷದ ಹಿಂದೆ ಅಂಕ ನೋಡಿ ಹೇಳಿದ್ದ, ಈಗ ನನ್ನನ್ನು ನೋಡಿ ಹೇಳುತ್ತಿದ್ದಾನೆ. ಎರಡು ಸಲವೂ ಎದುರಿಗಿದ್ದ ಮಗುವನ್ನು ನೋಡಲಿಲ್ಲ ಅಂತ ನನಗನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ‘ದೊಡ್ಡಪ್ಪ, ಅವ್ನು ಎರಡು ಕಡೆನೂ ಅರ್ಜಿ ಹಾಕ್ಲಿ. ಪಾಲಿಟೆಕ್ನಿಕ್ಕಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಮೇಲೇ ಸೀಟು, ಪರೀಕ್ಷೆ ಏನಿಲ್ಲ’ ಅಂದೆ.

ಮರುದಿನ ತಮ್ಮನನ್ನು ಕರೆದುಕೊಂಡು ಹರಪನಹಳ್ಳಿಗೆ ಹೋದೆ. ಪಾಲಿಟೆಕ್ನಿಕ್ಕಿನ ಲ್ಯಾಬಿನ ಕಿಟಕಿಯಲ್ಲಿ ಅರ್ಧ ಗಂಟೆ ಇಣುಕಿದ. ಕಣ್ಣು ಅರಳಿತ್ತು, ಸುಳ್ಳು ಹೇಳಲಾರೆ. ಅಲ್ಲಿಂದ ಬಂದು ನನ್ನ ಹಳೆಯ ಟ್ರಂಕು ತೆಗೆದು ಪಿಯುಸಿ ಪುಸ್ತಕ ಕೈಗೆ ಕೊಟ್ಟೆ. ಮೊದಲ ಪಾಠ ಓದು, ತಿಳಿಯದ ಪದಕ್ಕೆಲ್ಲ ಗೆರೆ ಎಳೆ, ಪಕ್ಕದಲ್ಲಿ ಕನ್ನಡದ ಹೆಸರು ಬರೆ ಅಂದೆ. ನಾಲ್ಕು ದಿನವಾಯಿತು. ಜೀವಶಾಸ್ತ್ರದ ಒಂದು ಪಾಠಕ್ಕೆ ಅರವತ್ತೆರಡು ಗೆರೆ ಎಳೆದಿದ್ದಾನೆ, ಐವತ್ತಕ್ಕೆ ಕನ್ನಡ ಬರೆದಿದ್ದಾನೆ. ಭೌತಶಾಸ್ತ್ರದ ಪುಸ್ತಕ ಇನ್ನೂ ತೆರೆದಿಲ್ಲ. ಅದನ್ನು ತೆರೆಯಲಿ ಅಂತ ನಾನೂ ಕಾಯುತ್ತಿದ್ದೇನೆ.

ಕಾಲೇಜು ಸೇರುವ ಕೊನೆಯ ದಿನಕ್ಕೆ ಇನ್ನೂ ಒಂದು ವಾರ ಇದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ: ‘ಎರಡು ಅರ್ಜಿಗೂ ಸೇರಿ ಎಷ್ಟು ಫೋಟೋ ಬೇಕವ್ವ?’ ಎಂಟು ಅಂದೆ. ಇವತ್ತು ಬೆಳಗ್ಗೆ ಇಬ್ಬರೂ ಕೊಟ್ಟೂರಿಗೆ ಹೋಗಿ ಹದಿನಾರು ತೆಗೆಸಿಕೊಂಡು ಬಂದಿದ್ದಾರೆ.